ಸಕ್ಕರೆ ಕಾಯಿಲೆ ಇದ್ದವರಿಗೆ ತೂಕದ ಆಪರೇಶನ್: ಸ್ಲೀವ್ ಬೇಕೋ, ಬೈಪಾಸ್ ಬೇಕೋ?

ಸಕ್ಕರೆ ಕಾಯಿಲೆ ಇದ್ದು ತೂಕ ಇಳಿಸುವ ಆಪರೇಶನ್‌ಗೆ ಹೊರಟವರು ಸಾಮಾನ್ಯವಾಗಿ ಒಂದು ಹೆಸರನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೇ ಹುಬ್ಬಳ್ಳಿ ಬಸ್ ಹತ್ತುತ್ತಾರೆ. ಪರಿಚಯದವರಿಗೆ ಸ್ಲೀವ್ ಆಗಿದ್ದರೆ ಸ್ಲೀವ್, ಬೈಪಾಸ್ ಆಗಿದ್ದರೆ ಬೈಪಾಸ್. ಸ್ಲೀವ್ ಎಂದರೆ ಜಠರದ ಹೆಚ್ಚಿನ ಭಾಗ ಕತ್ತರಿಸಿ ತೆಗೆಯುವುದು, ಬೈಪಾಸ್ ಎಂದರೆ ಜಠರದ ಮೇಲ್ತುದಿಯನ್ನು ಸಣ್ಣ ಚೀಲ ಮಾಡಿ ಕರುಳಿಗೆ ಜೋಡಿಸುವುದು. ನನಗೆ ಈಚೆಗೆ ರೂ-ಎನ್-ವೈ ಗ್ಯಾಸ್ಟ್ರಿಕ್ ಬೈಪಾಸ್ ಆಗಿದೆ. ಈ ಓಡಾಟದಲ್ಲೆಲ್ಲ ಮನದಟ್ಟಾದ ಮಾತು ಒಂದೇ: ಆಪರೇಶನ್‌ನ ಹೆಸರು ಕೊನೆಗೆ ತೀರ್ಮಾನವಾಗಬೇಕು. ಅದಕ್ಕಿಂತ ಮೊದಲು ಮೇದೋಜೀರಕದಲ್ಲಿ ಇನ್ಸುಲಿನ್ ಸುರಿಸುವ ಶಕ್ತಿ ಎಷ್ಟು ಉಳಿದಿದೆ, ಅನ್ನನಾಳ ಹೇಗಿದೆ, ಕಿಡ್ನಿ ಹೇಗಿದೆ ಎಂಬ ಮೂರು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಸಿಗಬೇಕು. ಗದಗ, ಹಾವೇರಿ ಕಡೆಯಿಂದ ಹೋಗುವವರಿಗೆ ಈ ವಿವರ ಮೊದಲೇ ಗೊತ್ತಿದ್ದರೆ ಎಷ್ಟೋ ಗೊಂದಲ ತಪ್ಪುತ್ತದೆ ಎಂದು ಬರೆಯುತ್ತಿದ್ದೇನೆ.

ಮೊದಲು ನನ್ನ ಲೆಕ್ಕ ಹೇಳಿಬಿಡುತ್ತೇನೆ, ಮುಂದಿನದನ್ನು ನಿಮ್ಮ ಲೆಕ್ಕದ ಜೊತೆ ಹೋಲಿಸಿಕೊಳ್ಳಲು ಅನುಕೂಲ. ವಯಸ್ಸು 44, ಎತ್ತರ 158 ಸೆಂ.ಮೀ, ತೂಕ 95 ಕೆ.ಜಿ. ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ 38. ಸಕ್ಕರೆ ಕಾಯಿಲೆಗೆ ಏಳು ವರ್ಷ. ಮೂರು ಬಗೆಯ ಗುಳಿಗೆ ತೆಗೆದುಕೊಂಡರೂ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ) 9ರಿಂದ ಕೆಳಗೆ ಇಳಿಯುತ್ತಿರಲಿಲ್ಲ. ಇನ್ಸುಲಿನ್ ಇನ್ನೂ ಶುರುವಾಗಿರಲಿಲ್ಲ.

ಯಾರಿಗೆ ಈ ಆಪರೇಶನ್ ಎಂಬ ಬಗ್ಗೆ ಎರಡು ಬೇರೆ ಬೇರೆ ಗೆರೆಗಳಿವೆ. ಎರಡನ್ನೂ ಕಲಸಿಕೊಂಡೇ ಮಂದಿ ತೊಂದರೆಗೆ ಬೀಳುತ್ತಾರೆ. ವೈದ್ಯಕೀಯ ಗೆರೆ ಕೆಳಗಿದೆ. 1991ರ ಅಮೆರಿಕದ ಹಳೆಯ ನಿಯಮ ಬಿಎಂಐ 40, ಅಥವಾ ಬೇರೆ ಕಾಯಿಲೆ ಇದ್ದರೆ 35 ಎನ್ನುತ್ತಿತ್ತು. 2022ರಲ್ಲಿ ಅಂತಾರಾಷ್ಟ್ರೀಯ ಸರ್ಜನರ ಸಂಘಗಳು ಅದನ್ನು ಬದಲಿಸಿ, ಟೈಪ್ 2 ಸಕ್ಕರೆ ಕಾಯಿಲೆ ಇದ್ದವರಿಗೆ ಬಿಎಂಐ 30ರಿಂದಲೇ ಸಲಹೆ ಮಾಡಬಹುದು ಎಂದವು. ನಮ್ಮಂಥ ಏಷ್ಯಾದವರಿಗೆ ಹೊಟ್ಟೆಯ ಸುತ್ತ ಕೊಬ್ಬು ಬೇಗ ಸೇರುವುದರಿಂದ 27.5ನ್ನೇ ಈ ಆಪರೇಶನ್‌ನ ಗಡಿ ಎಂದು ಹಿಡಿಯಲಾಗಿದೆ. ವಿಮೆಯ ಗೆರೆ ಇದಕ್ಕಿಂತ ಬಹಳ ಮೇಲಿದೆ. ಅದರ ಕಥೆ ಮುಂದೆ ಬರುತ್ತದೆ.

ಹುಬ್ಬಳ್ಳಿಯ ಸರ್ಜನ್ ಮೊದಲ ಭೇಟಿಯಲ್ಲಿ ಹೇಳಿದ್ದು ಇಷ್ಟೇ: "ಅಕ್ಕಾರ, ಹೆಸರು ಆಮ್ಯಾಲ ನೋಡೂಣು. ಮೊದಲ ಎಂಡೋಸ್ಕೋಪಿ ಮಾಡಸ್ರಿ, ಸಿ-ಪೆಪ್ಟೈಡ್ ಮಾಡಸ್ರಿ." ಕೇಳಿ ಬೇಜಾರಾಯಿತು. ಆವತ್ತೇ ತಾರೀಖು ಸಿಗುತ್ತದೆ ಎಂಬ ಆಸೆ ಇತ್ತು. ಈಗ ನೋಡಿದರೆ ಇಡೀ ವ್ಯವಹಾರ ನಿಂತದ್ದು ಆ ಎರಡು ಟೆಸ್ಟ್‌ಗಳ ಮೇಲೆಯೇ.

ಸಿ-ಪೆಪ್ಟೈಡ್ ಅಂದರೆ ನಮ್ಮ ದೇಹ ಇನ್ಸುಲಿನ್ ಮಾಡುವಾಗ ಅದರ ಜೊತೆಗೇ ಹುಟ್ಟುವ ತುಣುಕು. ಹೊರಗಿನಿಂದ ಚುಚ್ಚಿಕೊಂಡ ಇನ್ಸುಲಿನ್‌ನಲ್ಲಿ ಅದು ಇರುವುದಿಲ್ಲ. ಹಾಗಾಗಿ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರಲ್ಲೂ ಸ್ವಂತ ಉತ್ಪಾದನೆ ಎಷ್ಟಿದೆ ಎಂದು ಇದರಿಂದ ತಿಳಿಯಬಹುದು. ಬರಿಹೊಟ್ಟೆಯಲ್ಲಿ ರಕ್ತ ಕೊಡಬೇಕು, ಅದೇ ಹೊತ್ತಿಗೆ ಬರಿಹೊಟ್ಟೆಯ ಸಕ್ಕರೆಯನ್ನೂ ಅಳೆಸಬೇಕು. ಸಕ್ಕರೆ ತೀರಾ ಏರಿದ್ದರೆ ಗ್ರಂಥಿ ತಾತ್ಕಾಲಿಕವಾಗಿ ಸೋತು ಸಿ-ಪೆಪ್ಟೈಡ್ ಕಡಿಮೆ ತೋರಿಸಬಹುದು. ಕಿಡ್ನಿ ಕೆಟ್ಟಿದ್ದರೆ ಸುಳ್ಳೇ ಹೆಚ್ಚಾಗಿ ತೋರಿಸಬಹುದು. ಸಣ್ಣ ಲ್ಯಾಬ್‌ಗಳು ಈ ಸ್ಯಾಂಪಲ್ಲನ್ನು ಹೊರಗೆ ಕಳಿಸುತ್ತವೆ, ರಿಪೋರ್ಟ್ ತಡವಾಗುತ್ತದೆ. ಮುಂದಿನ ಅಪಾಯಿಂಟ್‌ಮೆಂಟನ್ನು ರಿಪೋರ್ಟ್ ಕೈಗೆ ಬಂದ ಮೇಲೆಯೇ ತೆಗೆದುಕೊಳ್ಳಿ. ಸಣ್ಣ ವಯಸ್ಸಿನಲ್ಲೇ ಸಕ್ಕರೆ ಬಂದವರು, ಬೇಗ ಇನ್ಸುಲಿನ್‌ಗೆ ಹೋದವರು ಜಿಎಡಿ ಆ್ಯಂಟಿಬಾಡಿ ಟೆಸ್ಟನ್ನೂ ಕೇಳಿ ಮಾಡಿಸಬೇಕು. ಕಾಯಿಲೆ ಟೈಪ್ 1ರ ಜಾತಿಯದ್ದಾಗಿದ್ದರೆ ಯಾವ ಆಪರೇಶನ್‌ನಿಂದಲೂ ಇನ್ಸುಲಿನ್ ಬಿಡುವುದಾಗುವುದಿಲ್ಲ. ತೂಕ ಇಳಿಯಬಹುದು, ಅಷ್ಟೇ.

ತೈವಾನಿನ ಸರ್ಜನರು ಮಾಡಿದ ಎಬಿಸಿಡಿ ಎಂಬ 10 ಅಂಕದ ಲೆಕ್ಕವಿದೆ. ವಯಸ್ಸು 40ರೊಳಗಿದ್ದರೆ 1 ಅಂಕ. ಬಿಎಂಐ 27ರಿಂದ 35ರೊಳಗೆ 1, 42ರೊಳಗೆ 2, ಅದಕ್ಕಿಂತ ಮೇಲೆ 3. ಸಿ-ಪೆಪ್ಟೈಡ್ 2ರಿಂದ 3ರೊಳಗೆ 1, 5ರೊಳಗೆ 2, ಅದಕ್ಕಿಂತ ಮೇಲೆ 3. ಕಾಯಿಲೆಗೆ 4ರಿಂದ 8 ವರ್ಷವಾಗಿದ್ದರೆ 1, ಒಂದರಿಂದ ನಾಲ್ಕು ವರ್ಷದೊಳಗಿದ್ದರೆ 2, ಒಂದು ವರ್ಷವೂ ಆಗಿಲ್ಲದಿದ್ದರೆ 3. ಒಟ್ಟು 10ರ ಹತ್ತಿರ ಹೋದಷ್ಟೂ ಔಷಧಿ ಬಿಟ್ಟೇಹೋಗುವ ಸಾಧ್ಯತೆ ಹೆಚ್ಚು. ನನ್ನ ಸಿ-ಪೆಪ್ಟೈಡ್ 3.4 ಬಂತು. ವಯಸ್ಸಿಗೆ ಸೊನ್ನೆ, ಬಿಎಂಐಗೆ 2, ಸಿ-ಪೆಪ್ಟೈಡ್‌ಗೆ 2, ಅವಧಿಗೆ 1, ಒಟ್ಟು 5. ನಡುಮಧ್ಯ.

ಈ ನಡುಮಧ್ಯದವರಿಗೇ ಆಯ್ಕೆ ನಿಜಕ್ಕೂ ಮುಖ್ಯವಾಗುವುದು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 2017ರಲ್ಲಿ ಕಾಯಿಲೆಯನ್ನು ಮೂರು ಹಂತ ಮಾಡಿದರು. ಗುಳಿಗೆಗಳ ಸಂಖ್ಯೆ, ಇನ್ಸುಲಿನ್ ಇದೆಯೋ ಇಲ್ಲವೋ, ಎಷ್ಟು ವರ್ಷದ ಕಾಯಿಲೆ, ಎಚ್‌ಬಿಎ1ಸಿ 7ರೊಳಗಿದೆಯೋ ಎಂಬುದನ್ನು ನೋಡಿ ಹಂತ ಹೇಳುತ್ತಾರೆ. ಹೊಸದಾಗಿ ಬಂದ ಹಗುರ ಕಾಯಿಲೆಗೆ ಎರಡೂ ಆಪರೇಶನ್ ಚೆನ್ನಾಗಿ ಕೆಲಸ ಮಾಡುತ್ತವೆ. ನಡುಹಂತದಲ್ಲಿ ಬೈಪಾಸ್ ಎದ್ದುಕಾಣುವಷ್ಟು ಮೇಲು. ಹದಿನೈದು ಇಪ್ಪತ್ತು ವರ್ಷದ ಕಾಯಿಲೆ, ಕೈತುಂಬ ಇನ್ಸುಲಿನ್, ಬತ್ತಿಹೋದ ಗ್ರಂಥಿ ಎಂಬ ಹಂತದಲ್ಲಿ ಎರಡರಿಂದಲೂ ಪೂರ್ಣ ಬಿಡುಗಡೆ ಅಪರೂಪ. ಅಂಥಲ್ಲಿ ಅಪಾಯ ಕಡಿಮೆ ಇರುವ ಸ್ಲೀವ್ ಸಾಕು ಎಂಬುದು ಅವರ ಸಲಹೆ. ನನಗೆ ಇದು ಬಹಳ ನ್ಯಾಯದ ಮಾತಾಗಿ ಕಂಡಿತು. "ಕಾಯಿಲೆ ಜೋರಿದೆ, ಅದಕ್ಕೇ ದೊಡ್ಡ ಆಪರೇಶನ್ ಬೇಕು" ಎಂಬ ತರ್ಕ ಸರಿಯಲ್ಲ.

ಎರಡರಲ್ಲಿ ಏನು ಮಾಡುತ್ತಾರೆ ಎಂಬುದನ್ನೂ ಹೇಳಬೇಕು. ಸ್ಲೀವ್‌ನಲ್ಲಿ ಜಠರದ ನೂರಕ್ಕೆ ಸುಮಾರು 75ರಿಂದ 80 ಭಾಗವನ್ನು ಉದ್ದಕ್ಕೆ ಕತ್ತರಿಸಿ ಹೊರಗೆ ತೆಗೆಯುತ್ತಾರೆ, ಬಾಳೆಕಾಯಿ ಆಕಾರದ ಕೊಳವೆ ಉಳಿಯುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕುವ ಆ ಭಾಗದಲ್ಲೇ. ಕರುಳನ್ನು ಮುಟ್ಟುವುದಿಲ್ಲ. ತೆಗೆದದ್ದನ್ನು ಮರಳಿ ಜೋಡಿಸಲು ಬರುವುದಿಲ್ಲ, ಆದರೆ ಮುಂದೆ ಬೇಕಾದರೆ ಬೈಪಾಸ್ ಮಾಡಿಸಲು ಬರುತ್ತದೆ. ರೂ-ಎನ್-ವೈ ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ ಹಿಡಿಯುವ ಸಣ್ಣ ಚೀಲ ಮಾಡಿ, ಸಣ್ಣ ಕರುಳನ್ನು ಕತ್ತರಿಸಿ ಒಂದು ತುದಿಯನ್ನು ಆ ಚೀಲಕ್ಕೆ ಹೊಲಿಯುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಅನ್ನ ಮಾತ್ರ ಅದರೊಳಗೆ ಹೋಗುವುದಿಲ್ಲ. ಕರುಳಿನ ಮೊದಲ ಭಾಗವನ್ನು ತಪ್ಪಿಸಿ ಊಟ ಬೇಗ ಕೆಳಗಿನ ಕರುಳಿಗೆ ತಲುಪುವುದರಿಂದ ಜಿಎಲ್‌ಪಿ-1 ಹಾರ್ಮೋನು ಬಹಳ ಏರುತ್ತದೆ, ಅದು ಇನ್ಸುಲಿನ್ ಸುರಿಸುವಂತೆ ಮಾಡುತ್ತದೆ. ತೂಕ ಇನ್ನೂ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆ ಇಳಿಯಲು ಇದು ಮುಖ್ಯ ಕಾರಣ, ಜೊತೆಗೆ ಊಟ ಕಡಿಮೆಯಾಗಿರುವುದೂ ಸೇರುತ್ತದೆ.

ನಾರ್ವೆಯಲ್ಲಿ ಸಕ್ಕರೆ ಕಾಯಿಲೆಯವರನ್ನೇ ಎರಡು ಗುಂಪು ಮಾಡಿ ಹೋಲಿಸಿದ ಒಸೆಬರ್ಗ್ ಅಧ್ಯಯನ 2019ರಲ್ಲಿ ಬಂತು. ಒಂದು ವರ್ಷಕ್ಕೆ ಬೈಪಾಸ್ ಆದವರಲ್ಲಿ ನೂರಕ್ಕೆ ಸುಮಾರು 74 ಮಂದಿಯ ಕಾಯಿಲೆ ಹಿಂದೆ ಸರಿದಿತ್ತು. ಸ್ಲೀವ್ ಆದವರಲ್ಲಿ ಅರ್ಧಕ್ಕೂ ತುಸು ಕಡಿಮೆ. ಆದರೆ ಒಂದು ವರ್ಷದ ಅಂಕಿ ನೋಡಿ ಕುಣಿಯಬಾರದು. 150 ಮಂದಿಯ ಸ್ಟ್ಯಾಂಪೀಡ್ ಅಧ್ಯಯನದ ಐದು ವರ್ಷದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಎಚ್‌ಬಿಎ1ಸಿ 6 ಅಥವಾ ಅದಕ್ಕಿಂತ ಕೆಳಗೆ ಉಳಿದವರು ಬೈಪಾಸ್‌ನಲ್ಲಿ ನೂರಕ್ಕೆ 29, ಸ್ಲೀವ್‌ನಲ್ಲಿ 23, ಬರೀ ಔಷಧಿಯಲ್ಲಿ 5. ಇಟಲಿಯ ಹತ್ತು ವರ್ಷದ ಅಧ್ಯಯನದಲ್ಲಿ ಬೈಪಾಸ್ ಆದವರಲ್ಲಿ ನಾಲ್ಕರಲ್ಲಿ ಒಬ್ಬರು ಮಾತ್ರ ಕಾಯಿಲೆಯಿಂದ ದೂರವೇ ಉಳಿದಿದ್ದರು. ಕಾಯಿಲೆ ಮರಳಿ ಬಂದವರಲ್ಲೂ ಸಕ್ಕರೆ ಹತೋಟಿಯಲ್ಲಿತ್ತು ಎಂಬುದು ಅಷ್ಟೇ ಮುಖ್ಯ. ಇದಕ್ಕೇ ವೈದ್ಯರು "ಗುಣ" ಎನ್ನುವುದಿಲ್ಲ. ಗುಳಿಗೆ ಇಲ್ಲದೆ ಮೂರು ತಿಂಗಳು ಎಚ್‌ಬಿಎ1ಸಿ 6.5ರ ಕೆಳಗಿದ್ದರೆ ಕಾಯಿಲೆ ಹಿಂದೆ ಸರಿದಿದೆ ಎಂದಷ್ಟೇ ಹೇಳುತ್ತಾರೆ. "ಸಕ್ಕರಿ ಬ್ಯಾನಿ ಬೇರಸಮೇತ ಕಿತ್ತ ಹಾಕತೀವಿ" ಎಂದು ಯಾರಾದರೂ ಮಾತು ಕೊಟ್ಟರೆ ಇನ್ನೊಬ್ಬ ಸರ್ಜನರ ಅಭಿಪ್ರಾಯ ತೆಗೆದುಕೊಳ್ಳಿ.

ಇನ್ನು ಎಂಡೋಸ್ಕೋಪಿ. ಎದೆಯುರಿ, ಹುಳಿತೇಗು ಇದ್ದವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸ್ಲೀವ್ ಆದ ಮೇಲೆ ಉಳಿದ ಕೊಳವೆಯಲ್ಲಿ ಒತ್ತಡ ಹೆಚ್ಚುತ್ತದೆ, ಆಮ್ಲ ಮೇಲಕ್ಕೆ ನುಗ್ಗುವುದು ಜಾಸ್ತಿಯಾಗುತ್ತದೆ. ಮೊದಲು ಇಲ್ಲದವರಿಗೂ ಹೊಸದಾಗಿ ಶುರುವಾಗಬಹುದು. ಅನ್ನನಾಳದಲ್ಲಿ ಹುಣ್ಣು ಎದ್ದಿದ್ದರೆ, ಬ್ಯಾರೆಟ್ ಎಂಬ ಬದಲಾವಣೆ ಕಂಡರೆ, ವಪೆಯ (ಎದೆ ಹೊಟ್ಟೆಗಳ ನಡುವಿನ ಪೊರೆಯ) ಮೂಲಕ ಜಠರ ಮೇಲೆ ಸರಿದಿದ್ದರೆ ಹೆಚ್ಚಿನ ಸರ್ಜನರು ಸ್ಲೀವ್ ಬೇಡ ಎನ್ನುತ್ತಾರೆ. ಬೈಪಾಸ್‌ನಿಂದ ಎದೆಯುರಿ ತಾನಾಗಿ ಕಡಿಮೆಯಾಗುತ್ತದೆ. ನನ್ನ ಅನ್ನನಾಳದ ಕೆಳತುದಿಯಲ್ಲಿ ಹುಣ್ಣಿನ ಗೆರೆಗಳಿದ್ದವು. ಸಿ-ಪೆಪ್ಟೈಡ್ ತಕ್ಕಡಿಯನ್ನು ಬೈಪಾಸ್ ಕಡೆ ವಾಲಿಸಿತ್ತು, ಎಂಡೋಸ್ಕೋಪಿ ಅದನ್ನು ಗಟ್ಟಿ ಮಾಡಿತು. ಅದೇ ಸಮಯಕ್ಕೆ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆಯೋ ನೋಡಲು ತುಣುಕು ತೆಗೆಯುತ್ತಾರೆ. ಇದ್ದರೆ ಮೊದಲು ಆ್ಯಂಟಿಬಯಾಟಿಕ್ ಕೋರ್ಸ್, ಆಮೇಲೆ ಅದು ಹೋಯಿತೋ ಎಂಬ ಪರೀಕ್ಷೆ. ತಾರೀಖು ಮುಂದೆ ಹೋಗಲು ಬಹಳ ಮಂದಿಗೆ ಇದೇ ಕಾರಣವಾಗುತ್ತದೆ.

ಬೈಪಾಸ್ ಎಲ್ಲರಿಗೂ ಸಲ್ಲುವುದಿಲ್ಲ. ಕಿಡ್ನಿಯಲ್ಲಿ ಹರಳಾಗುವ ಚಾಳಿ ಇದ್ದವರು, ಸಕ್ಕರೆಯಿಂದ ಕಿಡ್ನಿ ಸೊರಗಿದವರು ಎಚ್ಚರ ವಹಿಸಬೇಕು. ಕೊಬ್ಬು ಸರಿಯಾಗಿ ಹೀರಿಕೆಯಾಗದಿದ್ದಾಗ ಆಕ್ಸಲೇಟ್ ರಕ್ತಕ್ಕೆ ಹೆಚ್ಚು ಸೇರಿ ಕಿಡ್ನಿಗೆ ಹೊರೆಯಾಗುತ್ತದೆ. ಫಿಟ್ಸ್ ಗುಳಿಗೆ, ಅಂಗಾಂಗ ಕಸಿಯ ಗುಳಿಗೆ, ಮಾನಸಿಕ ಕಾಯಿಲೆಯ ಗುಳಿಗೆ ತಪ್ಪದೆ ಬೇಕಾದವರಿಗೆ ಹೀರಿಕೆ ಏರುಪೇರಾಗದ ಸ್ಲೀವ್ ಕ್ಷೇಮ. ಮೊಣಕಾಲು ನೋವಿಗೆ ದಿನಾ ನೋವಿನ ಗುಳಿಗೆ ನುಂಗುವವರಿಗೂ, ತಂಬಾಕು ಗುಟ್ಕಾ ಬಿಡಲಾಗದವರಿಗೂ ಬೈಪಾಸ್ ಅಪಾಯ. ಚೀಲ ಮತ್ತು ಕರುಳು ಕೂಡುವ ಜಾಗದಲ್ಲಿ ಹುಣ್ಣಾಗಿ ರಕ್ತ ಸುರಿಯಬಹುದು, ತೂತು ಬೀಳಬಹುದು. ತಂಬಾಕನ್ನು ಕನಿಷ್ಠ ಆರು ವಾರ ಮೊದಲೇ ಬಿಟ್ಟಿರಬೇಕು, ಆಮೇಲೆ ಮತ್ತೆ ಮುಟ್ಟಬಾರದು. ಮನೆತನದಲ್ಲಿ ಜಠರದ ಕ್ಯಾನ್ಸರ್ ಇದ್ದರೆ ಅದನ್ನೂ ಹೇಳಿ. ಬೈಪಾಸ್ ಆದ ಮೇಲೆ ಒಳಗುಳಿದ ಜಠರಕ್ಕೆ ಮಾಮೂಲಿ ಎಂಡೋಸ್ಕೋಪಿ ತಲುಪುವುದಿಲ್ಲ.

ಮಿನಿ ಬೈಪಾಸ್ ಎಂಬ ಮೂರನೆಯ ಹೆಸರನ್ನೂ ನೀವು ಕೇಳುತ್ತೀರಿ. ಎರಡರ ಬದಲು ಒಂದೇ ಜೋಡಣೆ, ಸಮಯ ಕಡಿಮೆ, ಸಕ್ಕರೆಯ ಮೇಲೆ ಪರಿಣಾಮ ಗಟ್ಟಿ. ಆದರೆ ಪಿತ್ತರಸ ಜಠರದ ಸಣ್ಣ ಚೀಲಕ್ಕೆ ಹಿಂದಿರುಗಬಹುದು, ಅದಕ್ಕೇ ಎದೆಯುರಿಯವರಿಗೆ ಸೂಕ್ತವಲ್ಲ. ಎಷ್ಟು ಕರುಳನ್ನು ತಪ್ಪಿಸುತ್ತೀರಿ ಎಂದು ತಪ್ಪದೆ ಕೇಳಿ. ಫ್ರಾನ್ಸಿನಲ್ಲಿ 2019ರಲ್ಲಿ ಬಂದ ಅಧ್ಯಯನದಲ್ಲಿ 200 ಸೆಂ.ಮೀ ತಪ್ಪಿಸಿದವರಿಗೆ ತೂಕ ಚೆನ್ನಾಗಿ ಇಳಿದರೂ ಪೌಷ್ಟಿಕಾಂಶದ ಕೊರತೆ ರೂ-ಎನ್-ವೈಗಿಂತ ಹೆಚ್ಚಾಗಿತ್ತು. ಮಾಂಸ ಮೊಟ್ಟೆ ತಿನ್ನದ, ರೊಟ್ಟಿ ಕಾಳುಪಲ್ಯದಲ್ಲೇ ಪ್ರೋಟೀನ್ ಹುಡುಕಬೇಕಾದ ನಮ್ಮ ಕಡೆಯ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಜಠರಕ್ಕೆ ಪಟ್ಟಿ ಬಿಗಿಯುವ ಬ್ಯಾಂಡ್ ಈಗ ಹೆಚ್ಚುಕಡಿಮೆ ಕೈಬಿಟ್ಟ ವಿಧಾನ. ಜಠರದೊಳಗೆ ಉಬ್ಬಿಸಿಡುವ ಬಲೂನು ಕೆಲವು ತಿಂಗಳ ಮಟ್ಟಿನ ತಾತ್ಕಾಲಿಕ ಉಪಾಯ, ಸಕ್ಕರೆ ಕಾಯಿಲೆಗೆಂದು ಅದನ್ನು ನಂಬಬೇಡಿ.

ಈ ನಡುವೆ ಗದಗಿನ ನಮ್ಮ ಫಿಜಿಶಿಯನ್ ಸಕ್ಕರೆ, ತೂಕ ಎರಡನ್ನೂ ಇಳಿಸಲು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್ ವಿಷಯ ಎತ್ತಿದರು. 2025ರ ಮಾರ್ಚ್‌ನಲ್ಲಿ ಮೌಂಜಾರೊ ನಮ್ಮ ದೇಶಕ್ಕೆ ಬಂದ ಮೇಲೆ ಈ ಪ್ರಶ್ನೆ ಎಲ್ಲರಿಗೂ ಎದುರಾಗುತ್ತದೆ. ಬಿಎಂಐ 30ರ ಆಸುಪಾಸು, ಹೊಸ ಕಾಯಿಲೆ ಆಗಿದ್ದರೆ ಮೊದಲು ಅದನ್ನೇ ನೋಡುವುದು ಸರಿ ಎಂದು ನನಗೂ ಅನಿಸುತ್ತದೆ. ಬಿಟ್ಟರೆ ತೂಕ ಮರಳುತ್ತದೆ ಎಂಬುದು ತಿಳಿದಿರಲಿ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಆಪರೇಶನ್ ಮುಂಚೆ ಅರಿವಳಿಕೆ ವೈದ್ಯರಿಗೆ ಹೇಳಲೇಬೇಕು. ಆ ಇಂಜೆಕ್ಷನ್‌ನಿಂದ ಜಠರ ನಿಧಾನ ಖಾಲಿಯಾಗುತ್ತದೆ, ಉಪವಾಸವಿದ್ದರೂ ಒಳಗೆ ಊಟ ಉಳಿದಿರಬಹುದು.

ಮನೆಯ ಮಾತು ಬೇರೆ. ಅತ್ತೆಯವರು ನೊಂದುಕೊಂಡೇ ಕೇಳಿದರು, "ಉಣ್ಣೂದ ಕಡಿಮಿ ಮಾಡಿದ್ರ ಸಾಕಾಗಿತ್ತಲ್ಲವಾ, ಹೊಟ್ಟಿ ಯಾಕ ಕೊಯ್ಸ್ಕೋತಿ?" ಈ ಪ್ರಶ್ನೆ ಬಹಳ ಹೆಣ್ಣುಮಕ್ಕಳನ್ನು ಕುಗ್ಗಿಸುತ್ತದೆ, ನನ್ನನ್ನೂ ಕುಗ್ಗಿಸಿತು. ತೂಕ ಇಳಿದಾಗ ದೇಹ ಹಸಿವಿನ ಹಾರ್ಮೋನು ಏರಿಸಿ, ಖರ್ಚು ಕಡಿಮೆ ಮಾಡಿ ಹಳೆಯ ತೂಕಕ್ಕೆ ಎಳೆಯುತ್ತದೆ, ಆಪರೇಶನ್ ಆ ಎಳೆತವನ್ನು ಸಡಿಲಿಸುತ್ತದೆ ಎಂದು ಡಯಟೀಷಿಯನ್ ಅವರಿಗೆ ಸಮಾಧಾನದಿಂದ ಹೇಳಿದ ಮೇಲೆ ಅವರೂ ಒಪ್ಪಿದರು. ಅಡುಗೆ ಮಾಡುವವರನ್ನು ಒಮ್ಮೆಯಾದರೂ ಜೊತೆಗೆ ಕರೆದುಕೊಂಡು ಹೋಗಿ. ಮುಂದೆ ನಿಮಗೆ ಗಂಜಿ ಕಾಯಿಸುವವರು ಅವರೇ.

ವಿಮೆಗೆ ಬರೋಣ. 2019ರಲ್ಲಿ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಒಂದೇ ಮಾದರಿಯ ಷರತ್ತು ಹಾಕಿದೆ. ವೈದ್ಯರ ಸಲಹೆಯಿಂದಲೇ ಆಪರೇಶನ್ ಆಗಿರಬೇಕು, ಚಿಕಿತ್ಸಾ ಕ್ರಮಕ್ಕೆ ಸರಿಯಾಗಿರಬೇಕು, ವಯಸ್ಸು 18 ದಾಟಿರಬೇಕು. ಬಿಎಂಐ 40 ಇರಬೇಕು, ಇಲ್ಲವೇ 35 ಇದ್ದು ಹತೋಟಿಗೆ ಬಾರದ ಟೈಪ್ 2 ಸಕ್ಕರೆ ಕಾಯಿಲೆ, ತೀವ್ರ ನಿದ್ರಾ ಉಸಿರುಕಟ್ಟು, ಹೃದಯದ ಕಾಯಿಲೆ ಇವುಗಳಲ್ಲಿ ಒಂದಿರಬೇಕು. ಬೇರೆ ಸೌಮ್ಯ ವಿಧಾನಗಳು ಫಲ ಕೊಟ್ಟಿಲ್ಲ ಎಂಬುದಕ್ಕೂ ದಾಖಲೆ ಬೇಕು. ಅಂದರೆ ಬಿಎಂಐ 32 ಇದ್ದವರಿಗೆ ವೈದ್ಯರು "ಮಾಡಸ್ಕೊಳ್ರಿ" ಎಂದರೂ ವಿಮೆಯವರು ಕೊಡುವುದಿಲ್ಲ, ಪೂರ್ತಿ ಕೈಯಿಂದಲೇ ಹೋಗುತ್ತದೆ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 2024ರಿಂದ ಗರಿಷ್ಠ 36 ತಿಂಗಳು. ನಿಮ್ಮ ಪಾಲಿಸಿಗೆ ಅದು ಮುಗಿದಿದೆಯೇ ನೋಡಿಕೊಳ್ಳಿ.

ಇಲ್ಲೊಂದು ಗಂಟು ಇದೆ, ಯಾರೂ ಮುಂಚೆ ಹೇಳುವುದಿಲ್ಲ. ಸರ್ಜನ್ ಆಪರೇಶನ್‌ಗೆ ಮುಂಚೆ ಎಚ್‌ಬಿಎ1ಸಿ 8ರ ಆಸುಪಾಸಿಗೆ ಇಳಿಸಿ ಎನ್ನುತ್ತಾರೆ, ಗಾಯ ಬೇಗ ಮಾಯಲಿ, ಸೋಂಕಾಗದಿರಲಿ ಎಂದು. ವಿಮೆಯವರಿಗೋ "ಹತೋಟಿಗೆ ಬಂದಿಲ್ಲ" ಎಂದು ಕಾಣಿಸಬೇಕು. ಹೊಸ ರಿಪೋರ್ಟ್ ಒಂದನ್ನೇ ಕೊಟ್ಟರೆ ಸಕ್ಕರೆ ಹತೋಟಿಯಲ್ಲೇ ಇದೆಯಲ್ಲ ಎಂದು ಪ್ರಶ್ನೆ ಬರುತ್ತದೆ, ನನ್ನ ಕಡತ ಅಲ್ಲೇ ನಿಂತಿತು. ಹಿಂದಿನ ಎರಡು ಮೂರು ವರ್ಷದ ಎಚ್‌ಬಿಎ1ಸಿ ರಿಪೋರ್ಟ್‌ಗಳು, ಗುಳಿಗೆ ಹೆಚ್ಚಿಸಿದ ಚೀಟಿಗಳು, ಡಯಟೀಷಿಯನ್ ಬರೆದ ತೂಕದ ದಾಖಲೆ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ, ಇವೆಲ್ಲವನ್ನು ಉಲ್ಲೇಖಿಸಿದ ಸರ್ಜನರ ಪತ್ರದ ಜೊತೆ ಕೊಟ್ಟ ಮೇಲೆ ಒಪ್ಪಿಗೆ ಬಂತು. ತೂಕದ್ದೂ ಹಾಗೇ. ಬಿಎಂಐ 35.5 ಇದ್ದವರು ಆಪರೇಶನ್‌ಪೂರ್ವ ಪಥ್ಯ ಮಾಡಿದರೆ 35ರ ಕೆಳಗೆ ಜಾರಬಹುದು. ಪಥ್ಯ ಶುರುವಾಗುವ ಮೊದಲಿನ ಎತ್ತರ ತೂಕವನ್ನು ವೈದ್ಯರ ಸಹಿ, ಮೊಹರು, ತಾರೀಖಿನೊಂದಿಗೆ ಬರೆಸಿಟ್ಟುಕೊಳ್ಳಿ. ಕಾರಣ ಕೊಟ್ಟು ತಿರಸ್ಕರಿಸಿದರೆ ಆ ಪತ್ರವನ್ನು ಲಿಖಿತವಾಗಿ ಪಡೆಯಿರಿ. ಮೊದಲು ಕಂಪನಿಯ ದೂರು ವಿಭಾಗ, ಅಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್. ಅಲ್ಲಿ ಶುಲ್ಕವಿಲ್ಲ.

ನಾನು ವಿಚಾರಿಸಿದ ಕಡೆಗಳಲ್ಲಿ ಅಂದಾಜು 3ರಿಂದ 4.5 ಲಕ್ಷ ಹೇಳಿದರು. ಇದರಲ್ಲಿ ದೊಡ್ಡ ಪಾಲು ಜಠರವನ್ನು ಕತ್ತರಿಸುತ್ತಲೇ ಪಿನ್ನು ಹೊಡೆದು ಮುಚ್ಚುವ ಸ್ಟೇಪ್ಲರ್‌ನ ಕಾರ್ಟ್ರಿಜ್‌ಗಳದ್ದು. ಒಂದು ಸ್ಲೀವ್‌ಗೆ ಸಾಮಾನ್ಯವಾಗಿ ಐದಾರು ಬೇಕಾಗುತ್ತವೆ, ಒಂದೊಂದಕ್ಕೂ ಸಾವಿರಾರು ರೂಪಾಯಿ. ಪ್ಯಾಕೇಜ್ ಎಂದವರಿಗೆ ಎಷ್ಟು ಕಾರ್ಟ್ರಿಜ್ ಸೇರಿವೆ, ಹೆಚ್ಚು ಬೇಕಾದರೆ ಯಾರ ಲೆಕ್ಕ, ಐಸಿಯು ಎಷ್ಟು ದಿನ ಸೇರಿದೆ, ತೊಡಕಾಗಿ ಮತ್ತೆ ದಾಖಲಾದರೆ ಏನು ಎಂದು ಕೇಳಿ ಬರೆಸಿಕೊಳ್ಳಿ. ಎಂಡೋಸ್ಕೋಪಿ, ನಿದ್ರೆಯ ಪರೀಕ್ಷೆ, ಪ್ರೋಟೀನ್ ಪುಡಿ, ತಿಂಗಳು ತಿಂಗಳ ವಿಟಮಿನ್ ಇವು ಹೆಚ್ಚಾಗಿ ಪ್ಯಾಕೇಜಿನ ಹೊರಗೆ.

ಕಣ್ಣಿನ ಪರೀಕ್ಷೆ ಯಾರ ಪಟ್ಟಿಯಲ್ಲೂ ಎದ್ದು ಕಾಣುವುದಿಲ್ಲ, ಆದರೆ ಬಿಡಬೇಡಿ. ಸಕ್ಕರೆ ಒಮ್ಮೆಲೇ ಇಳಿದಾಗ ಅಕ್ಷಿಪಟಲದ ಹಳೆಯ ತೊಂದರೆ ಕೆಲಕಾಲ ಉಲ್ಬಣಿಸಬಹುದು. ಪಾಪೆ ಹಿಗ್ಗಿಸಿ ನೋಡಿಸಿ, ಲೇಸರ್ ಬೇಕಿದ್ದರೆ ಮೊದಲೇ ಮುಗಿಸಿ. ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ), ಬಿ12, ವಿಟಮಿನ್ ಡಿ ಕೂಡ ಮೊದಲೇ ಅಳೆಸಿ. ಮೆಟ್‌ಫಾರ್ಮಿನ್ ಗುಳಿಗೆ ವರ್ಷಗಟ್ಟಲೆ ತೆಗೆದುಕೊಂಡವರಿಗೆ ಬಿ12 ಆಗಲೇ ಕಡಿಮೆ ಇರಬಹುದು.

ಆಪರೇಶನ್‌ಗೆ ಸುಮಾರು ಎರಡು ವಾರ ಮುಂಚೆ ಯಕೃತ್ತು ಕುಗ್ಗಿಸುವ ಪಥ್ಯ ಶುರು. ದಿನಕ್ಕೆ 800ರಿಂದ 1000 ಕ್ಯಾಲೊರಿ. ರೊಟ್ಟಿ, ಅನ್ನ, ಸಜ್ಜಕ ಎಲ್ಲ ಬಂದ್. ಪ್ರೋಟೀನ್ ಪುಡಿ, ತೆಳು ಮಜ್ಜಿಗೆ, ಹೆಸರುಬೇಳೆ ಕಟ್ಟು, ಸೌತೆಕಾಯಿ, ಮೆಂತ್ಯೆ ಸೊಪ್ಪು. ಕೊಬ್ಬು ತುಂಬಿ ಉಬ್ಬಿದ ಯಕೃತ್ತು ಜಠರದ ಮೇಲೆ ಕೂತಿರುತ್ತದೆ, ಅದು ಕುಗ್ಗದಿದ್ದರೆ ಸರ್ಜನರಿಗೆ ಜಾಗವೇ ಕಾಣುವುದಿಲ್ಲ. ಈ ಪಥ್ಯದಲ್ಲಿ ಹಳೆಯ ಪ್ರಮಾಣದಲ್ಲೇ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಮೊದಲ ದಿನಕ್ಕೇ ಹೊಸ ಪ್ರಮಾಣ ಬರೆಸಿಕೊಂಡಿರಬೇಕು.

ಅದಕ್ಕಿಂತ ದೊಡ್ಡ ಎಚ್ಚರಿಕೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಳಿಗೆಗಳದ್ದು. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಇವನ್ನು ಆಪರೇಶನ್‌ಗೆ ಕನಿಷ್ಠ ಮೂರು ದಿನ ಮೊದಲೇ ನಿಲ್ಲಿಸಬೇಕು. ಪಥ್ಯ ಶುರುವಾದ ದಿನವೇ ನಿಲ್ಲಿಸಬೇಕೇ ಎಂದು ಕೇಳಿ. ಊಟ ಕಡಿಮೆ ಇರುವಾಗ ಇವು ದೇಹವನ್ನು ಕೀಟೋಆಸಿಡೋಸಿಸ್‌ಗೆ, ಅಂದರೆ ರಕ್ತದಲ್ಲಿ ಆಮ್ಲ ಅಪಾಯದ ಮಟ್ಟಕ್ಕೆ ಏರುವ ಸ್ಥಿತಿಗೆ ತಳ್ಳಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಬರುತ್ತದೆ, ಆದರೆ ಗ್ಲೂಕೋಮೀಟರ್ 180 ಎಂದಷ್ಟೇ ತೋರಿಸಿ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಇವು ಹೆಚ್ಚಾಗಿ ಮೆಟ್‌ಫಾರ್ಮಿನ್ ಜೊತೆ ಸೇರಿದ ಒಂದೇ ಗುಳಿಗೆಯಾಗಿ ಬರುವುದರಿಂದ ಹೊದಿಕೆಯ ಹಿಂಬದಿಯ ಸಣ್ಣ ಅಕ್ಷರ ಓದಿ ನೋಡಿ.

ಆಪರೇಶನ್ ದಿನದ ಬಗ್ಗೆ ಹೇಳುವುದು ಕಡಿಮೆ. ಹೊಟ್ಟೆಯ ಮೇಲೆ ಸಣ್ಣ ಐದಾರು ತೂತು, ಸ್ಲೀವ್‌ಗೆ ಒಂದು ಒಂದೂವರೆ ಗಂಟೆ, ಬೈಪಾಸ್‌ಗೆ ಎರಡು ಮೂರು ಗಂಟೆ. ಎಚ್ಚರವಾದಾಗ ಗಾಯಕ್ಕಿಂತ ಹೆಗಲು ಹೆಚ್ಚು ನೋಯುತ್ತದೆ, ಒಳಗೆ ತುಂಬಿದ ಗ್ಯಾಸ್‌ನಿಂದ. ಅದೇ ಸಂಜೆ ನಡೆಸುತ್ತಾರೆ. ಭಯವಾದರೂ ನಡೆಯಿರಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕಾಪಾಡುವುದು ಅದೇ. ಸಾವಿನ ಅಪಾಯ ಸಾವಿರಕ್ಕೆ ಒಂದರ ಆಸುಪಾಸು. ಮನೆಗೆ ಬಂದ ಮೇಲೆ ನಾಡಿ 120 ದಾಟಿದರೆ, ಜ್ವರ, ಏದುಸಿರು, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು ಇದ್ದರೆ ಹೊಲಿಗೆ ಸೋರುತ್ತಿರಬಹುದು. ಊರಿನ ಕ್ಲಿನಿಕ್‌ನಲ್ಲಿ ಇಂಜೆಕ್ಷನ್ ಮಾಡಿಸಿಕೊಂಡು ಬೆಳಗಿನವರೆಗೆ ಕಾಯಬೇಡಿ. ಹಾವೇರಿ, ರೋಣ, ಶಿರಹಟ್ಟಿ ಕಡೆಯವರು ಮೊದಲ ಎರಡು ವಾರ ಹುಬ್ಬಳ್ಳಿ-ಧಾರವಾಡದಲ್ಲೇ ನೆಂಟರ ಮನೆಯಲ್ಲಿ ಉಳಿಯುವುದು ಲೇಸು.

ಮೊದಲ ಎರಡು ವಾರ ದ್ರವ ಮಾತ್ರ, ಕಾಲು ಗಂಟೆಗೊಮ್ಮೆ 30 ಮಿ.ಲೀ. ಆಮೇಲೆ ಎರಡು ವಾರ ನುಣ್ಣಗೆ ರುಬ್ಬಿದ್ದು, ನಂತರ ಮೆತ್ತಗಿನದ್ದು. ಜೋಳದ ನುಚ್ಚು ಮಜ್ಜಿಗೆ ಈ ಹಂತಕ್ಕೆ ಚೆನ್ನಾಗಿ ಒಗ್ಗುತ್ತದೆ, ಆದರೆ ಅದರಲ್ಲೇ ಹೊಟ್ಟೆ ತುಂಬಿಸಿದರೆ ಪ್ರೋಟೀನ್‌ಗೆ ಜಾಗ ಉಳಿಯುವುದಿಲ್ಲ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಗುರಿ. ಪನೀರ್, ಮೊಟ್ಟೆ, ಮೊಳಕೆ ಬರಿಸಿ ಬೇಯಿಸಿದ ಮಡಿಕೆಕಾಳು ಮೊದಲು, ಉಳಿದದ್ದು ಆಮೇಲೆ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ರೊಟ್ಟಿ ಸುಮಾರು ಎರಡು ತಿಂಗಳಿಗೆ, ಬೇಳೆಸಾರಿನಲ್ಲಿ ನೆನೆಸಿ. ಬೈಪಾಸ್ ಆದವರು ಪೇಡೆ, ಹೋಳಿಗೆ ತಿಂದರೆ ಕಾಲು ಅರ್ಧ ಗಂಟೆಯಲ್ಲಿ ಎದೆ ಹೊಡೆದುಕೊಂಡು ಬೆವರುತ್ತದೆ, ಭೇದಿಯಾಗುತ್ತದೆ. ವರ್ಷ ಕಳೆದ ಮೇಲೆ ಊಟವಾಗಿ ಒಂದರಿಂದ ಮೂರು ಗಂಟೆಗೆ ಸಕ್ಕರೆ ಕುಸಿಯುವ ತೊಂದರೆಯೂ ಕೆಲವರಿಗೆ ಬರುತ್ತದೆ. ಹಾಗಾದಾಗ ಅಳೆದು ಬರೆದಿಟ್ಟು ವೈದ್ಯರಿಗೆ ತೋರಿಸಿ.

ಗುಳಿಗೆಗಳ ಹೊಸ ಪಟ್ಟಿ ಜೀವನಪೂರ್ತಿ. ಮಲ್ಟಿವಿಟಮಿನ್, ಬಿ12, ಕಬ್ಬಿಣ, ವಿಟಮಿನ್ ಡಿ, ಕ್ಯಾಲ್ಸಿಯಂ ಸಿಟ್ರೇಟ್ ದಿನಕ್ಕೆ 1200ರಿಂದ 1500 ಮಿ.ಗ್ರಾಂ. ಅಂಗಡಿಯಲ್ಲಿ ಕ್ಯಾಲ್ಸಿಯಂ ಕೇಳಿದರೆ ಕಾರ್ಬೊನೇಟ್ ಕೊಡುತ್ತಾರೆ, ಆಮ್ಲ ಕಡಿಮೆಯಾದ ಚೀಲದಲ್ಲಿ ಅದು ಸರಿಯಾಗಿ ಕರಗುವುದಿಲ್ಲ, ಸಿಟ್ರೇಟನ್ನೇ ಕೇಳಿ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರವಿರಲಿ. ಪಿತ್ತಕೋಶದಲ್ಲಿ ಹರಳಾಗದಿರಲೆಂದು ಆರು ತಿಂಗಳು ಅರ್ಸೊಡಿಆಕ್ಸಿಕೋಲಿಕ್ ಆಮ್ಲ ಬರೆಯುತ್ತಾರೆ. ಮೆಟ್‌ಫಾರ್ಮಿನ್ ಮುಂದುವರಿದರೆ ನಿಧಾನ ಬಿಡುಗಡೆಯ ಗುಳಿಗೆ ಬೇಡ, ಸಾದಾ ಗುಳಿಗೆ ಬೇಕು. ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವಾಗ ಕಣ್ಣೀರು ಬರುತ್ತದೆ ಎಂದು ಹಿಂದೆ ಮಾಡಿಸಿಕೊಂಡವರು ಹೇಳಿದ್ದರು. ಕೊರತೆ ಇಲ್ಲದಿದ್ದರೆ ಅದು ಮರಳಿ ಬರುತ್ತದೆ. ಮಕ್ಕಳು ಬೇಕಿರುವ ಹೆಣ್ಣುಮಕ್ಕಳು 12ರಿಂದ 18 ತಿಂಗಳು ಕಾಯಬೇಕು. ಬೈಪಾಸ್ ಆದ ಮೇಲೆ ಗರ್ಭನಿರೋಧಕ ಗುಳಿಗೆಯನ್ನು ನಂಬಬಾರದು, ಬೇರೆ ವಿಧಾನ ಕೇಳಿ.

ಪರೀಕ್ಷೆಗಳು 3, 6, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ: ಎಚ್‌ಬಿಎ1ಸಿ, ಹಿಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನು, ಆಲ್ಬುಮಿನ್, ಕಿಡ್ನಿ. ಸಕ್ಕರೆ ಸಾಮಾನ್ಯಕ್ಕೆ ಬಂದರೂ ಕಣ್ಣು, ಪಾದ, ಮೂತ್ರದ ಆಲ್ಬುಮಿನ್ ಪರೀಕ್ಷೆ ನಿಲ್ಲಿಸಬಾರದು.

ಪರ್ಸಿನಲ್ಲಿ ಒಂದು ಕಾರ್ಡ್ ಇಟ್ಟುಕೊಂಡಿದ್ದೇನೆ, ನೀವೂ ಬರೆದಿಟ್ಟುಕೊಳ್ಳಿ. ಯಾವ ಆಪರೇಶನ್, ಯಾವತ್ತು. ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೊಡಬಾರದು, ನೋವಿಗೆ ಪ್ಯಾರಾಸಿಟಮಾಲ್. ನಮ್ಮ ಕಡೆ ಸೊಂಟ ಹಿಡಿದರೂ ಡೈಕ್ಲೊಫೆನಾಕ್ ಚುಚ್ಚುವುದರಿಂದ ಇದೇ ಮೊದಲ ಸಾಲು. 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಬೇಡ. ಮೂಗಿನಿಂದ ಕುರುಡಾಗಿ ನಳಿಕೆ ಇಳಿಸಬಾರದು. ಬಹಳ ದಿನ ವಾಂತಿಯಾಗಿದ್ದರೆ ಗ್ಲೂಕೋಸ್ ಸಲೈನ್‌ಗೆ ಮುಂಚೆ ಥಯಾಮಿನ್ (ವಿಟಮಿನ್ ಬಿ1) ಕೊಡಬೇಕು, ಇಲ್ಲದಿದ್ದರೆ ಮಿದುಳಿಗೆ ಪೆಟ್ಟಾಗಬಹುದು. ವರ್ಷಗಳಾದ ಮೇಲೆ ಬಿಟ್ಟುಬಿಟ್ಟು ಹೊಟ್ಟೆನೋವು ಬಂದರೆ ಕರುಳು ಒಳಗೇ ಸಿಕ್ಕಿಕೊಂಡಿರಬಹುದು, ಸಿಟಿ ಸ್ಕ್ಯಾನ್ ಮಾಡಿ ಸರ್ಜನರಿಗೆ ತೋರಿಸಬೇಕು. ಕಾರ್ಡಿನ ಜೊತೆಗೆ ಆಪರೇಶನ್ ನೋಟ್ಸಿನ ನಕಲನ್ನೂ ಡಿಸ್ಚಾರ್ಜ್ ದಿನವೇ ಕೇಳಿ ಪಡೆಯಿರಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಆಪರೇಶನ್‌ನ ಹೆಸರಷ್ಟೇ ಇರುತ್ತದೆ, ಎಷ್ಟು ಸೆಂ.ಮೀ ಕರುಳು ಯಾವ ಕಡೆ ಜೋಡಿಸಿದ್ದಾರೆ ಎಂಬುದು ನೋಟ್ಸಿನಲ್ಲಿ ಮಾತ್ರ ಸಿಗುತ್ತದೆ.